ಸ್ಟೆಬಿಲೈಸರ್ ತರೋ ಮೊದಲು ಮೀಟರ್ ಹಿಡೀರಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ನಾವು ನಾಲ್ವರು ಹಾಸ್ಟೆಲ್‌ನಲ್ಲಿ ಒಂದೇ ರೂಮಿನವರು. ಈ ರಜೆಯಲ್ಲಿ ನಮ್ಮ ಎರಡು ಮನೆಗಳಲ್ಲಿ ಒಂದೇ ದೂರು: ಎಲೆಕ್ಟ್ರಿಕ್ ಸ್ಕೂಟರ್ ರಾತ್ರಿ ಚಾರ್ಜಿಗೆ ಹಾಕಿದ್ರೆ ಬೆಳಿಗ್ಗೆ ಅರ್ಧಾನೇ ಆಗಿರುತ್ತೆ. "ಚಾರ್ಜರ್ ಕೆಟ್ಟೈತಿ, ಇಲ್ಲಾಂದ್ರ ಒಂದು ಸ್ಟೆಬಿಲೈಸರ್ ತರೂಣೇನಪಾ?" ಅಂದ್ರು ಬೈಲಹೊಂಗಲದ ಕಾಕಾ.

ನಮ್ಮ ಅಭಿಪ್ರಾಯ ಇಷ್ಟೇ: ಅಳೆಯದೆ ಏನನ್ನೂ ಕೊಳ್ಳಬೇಡಿ. ಒಂದು ಸಾದಾ ಮಲ್ಟಿಮೀಟರ್ ಸಾಕು. (ಕೆಂಪು ವೈರು ಆಂಪಿಯರ್ ತೂತಿನಲ್ಲಿ ಇಲ್ಲ ಅಂತ ಎರಡು ಸಲ ನೋಡಿ. ನಮ್ಮಲ್ಲೊಬ್ಬ ಲ್ಯಾಬಿನಲ್ಲಿ ಫ್ಯೂಸ್ ಹಾರಿಸಿ ಕಲಿತಿದ್ದಾನೆ.)

ಕಾಕಾ ಮನೆಯ ಸಾಕೆಟ್‌ನಲ್ಲಿ ಚಾರ್ಜರ್ ಆಫ್ ಇದ್ದಾಗ 226 ವೋಲ್ಟ್, ಆನ್ ಮಾಡಿದ ಕೂಡಲೇ 205. ಮೇನ್ ಬೋರ್ಡಿನಲ್ಲಿ ಮಾತ್ರ 225 ಹಾಗೇ ಇತ್ತು. ಅಂದ್ರೆ ತಪ್ಪು ಕಂಬದ್ದಲ್ಲ, ಮನೆಯೊಳಗಿನ ಲೂಸ್ ಜಾಯಿಂಟಿಂದು. ಸುಮಾರು 4 ಆಂಪಿಯರ್ ಹರಿಯುವಾಗ 20 ವೋಲ್ಟ್ ಅಲ್ಲೇ ಕಳೆದುಹೋದ್ರೆ 80 ವ್ಯಾಟ್ ಶಾಖ. ನಾವು ಲ್ಯಾಬಲ್ಲಿ ಸೀಸ ಕರಗಿಸೋ ಸೋಲ್ಡರಿಂಗ್ ಐರನ್ನೇ 25 ವ್ಯಾಟಿಂದು! ಮೇನ್ ಆಫ್ ಮಾಡಿಸಿ ಎಲೆಕ್ಟ್ರಿಷಿಯನ್ ಕೈಲಿ ಬಿಚ್ಚಿಸಿದ್ರೆ ಸಾಕೆಟ್ ಹಿಂದೆ ವೈರಿನ ತೊಗಟೆ ಕರಕಲಾಗಿತ್ತು. ಪಕ್ಕದಲ್ಲೇ ಹತ್ತಿಯ ಚೀಲಗಳು. ಸ್ಟೆಬಿಲೈಸರ್ ತಂದಿದ್ರೆ ಇದು ಯಾರ ಕಣ್ಣಿಗೂ ಬೀಳ್ತಿರಲಿಲ್ಲ.

ಸವದತ್ತಿ ಕಡೆಯ ತೋಟದ ಮನೆ ಕತೆ ಬೇರೆ. ಅಲ್ಲಿ ಚಾರ್ಜರ್ ಆಫ್ ಇದ್ರೂ 184, ಆನ್ ಇದ್ರೂ 181. ಮೇನ್ ಬೋರ್ಡಿನಲ್ಲೂ ಅಷ್ಟೇ. ಮನೆ ಲೈನಿನ ತುದಿಯಲ್ಲಿದೆ, ಸುತ್ತ ಕಬ್ಬಿಗೆ ಪಂಪ್‌ಸೆಟ್‌ಗಳು. ಬರಬೇಕಾದ್ದು 230. ಸ್ಟೆಬಿಲೈಸರ್ ವೋಲ್ಟೇಜನ್ನು ಹುಟ್ಟಿಸೋದಿಲ್ಲ, ಲೈನಿಂದ ಹೆಚ್ಚು ಆಂಪಿಯರ್ ಎಳೆದು ಏರಿಸುತ್ತೆ. ಹತ್ತು ಮನೆಯವರು ಇಟ್ಟರೆ ಹನ್ನೊಂದನೆಯವರ ಬಲ್ಬು ಇನ್ನೂ ಮಂಕು. ಅದಕ್ಕೇ ಅಲ್ಲಿ ದಿನಕ್ಕೆ ಮೂರು ಹೊತ್ತು ಅಳೆದು ಬರೆದಿಡೋಕೆ ಹೇಳಿದ್ದೇವೆ. "ಕರೆಂಟ್ ಸರಿ ಇಲ್ರೀ" ಅನ್ನೋ ಅರ್ಜಿಗಿಂತ ಒಂದು ವಾರದ ಅಂಕಿಗಳಿರೋ ಅರ್ಜಿಯನ್ನು ಪಕ್ಕಕ್ಕೆ ಸರಿಸೋದು ಕಷ್ಟ. ಅಲ್ಲೀವರೆಗೆ ಪಂಪ್‌ಸೆಟ್ ನಿಂತ ಮೇಲೆ ಚಾರ್ಜಿಂಗ್.

ಇನ್ನೊಂದು ಮಾತು. ನಿಮ್ಮ ಬಲ್ಬು ಮಂಕಾದಾಗ ಪಕ್ಕದ ಮನೇದು ಝಗ್ಗನೆ ಉರಿದ್ರೆ ಅದು ನ್ಯೂಟ್ರಲ್ ತೊಂದರೆ ಇರಬಹುದು. ಅಳೆಯೋಕೆ ನಿಲ್ಲಬೇಡಿ, ಮೊದಲು ಮೇನ್ ಆಫ್ ಮಾಡಿ ಲೈನ್‌ಮನ್‌ಗೆ ಫೋನ್ ಹಚ್ಚಿ.

ಗಾಡಿ ಮಾರೋರು ಬಣ್ಣ ಯಾವುದು ಬೇಕು ಅಂತ ಕೇಳ್ತಾರೆ, ಮನೇಲಿ ಅರ್ಥಿಂಗ್ ಇದೆಯಾ ಅಂತ ಯಾಕೆ ಕೇಳಲ್ಲ? ಬಿಲ್ ಬರೆಯೋ ಮೊದಲು ಸಾಕೆಟ್ ನೋಡಿ ಬರೋದು ಅವರ ಕೆಲಸವೇ ಅಂತ ನಮ್ಮ ವಾದ.

ಕಾಕಾ ಈಗ ಹೊಸ ವೈರು ಎಳೆಸಿ 16 ಆಂಪಿಯರ್ ಸಾಕೆಟ್ ಹಾಕಿಸಿದ್ದಾರೆ. ಹತ್ತಿ ಚೀಲ ಮಾತ್ರ ಇನ್ನೂ ಅಲ್ಲೇ ಇವೆ.