ಬಾಲ್ಕನಿ ತೋಟ: ಕೇಪುಳದ ಎಲೆ ಹಳದಿಯಾದರೆ

ಊರಿನ ಗುಡ್ಡದಲ್ಲಿ ಯಾರ ಆರೈಕೆಯೂ ಇಲ್ಲದೆ ಅರಳುವ ಕೇಪುಳ ಠಾಣೆ, ಡೊಂಬಿವಲಿಯ ಬಾಲ್ಕನಿಯಲ್ಲಿ ಸೊರಗುವುದೇಕೆ? ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ, ಹೆಚ್ಚಾಗಿ ಅದು ಕಬ್ಬಿಣಾಂಶದ ಕೊರತೆ. ಇನ್ನಷ್ಟು ನೀರು ಸುರಿದು ಫಲವಿಲ್ಲ.

ಕೇಪುಳಕ್ಕೆ ಹುಳಿ ಗುಣದ ಮಣ್ಣು ಬೇಕು. ಗಾರೆ, ಸಿಮೆಂಟಿನ ಚೂರು ಬೆರೆತ ಮಣ್ಣಿನಲ್ಲಿ, ಗಡುಸಾದ ಬೋರ್‌ವೆಲ್ ನೀರಿನಲ್ಲಿ ಸುಣ್ಣದಂಶ ಹೆಚ್ಚು. ಆಗ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ.

ಕೆಂಪು ಮಣ್ಣಿಗೆ ಎಲೆಗೊಬ್ಬರ ಬೆರೆಸಿ ಕುಂಡದ ಮಣ್ಣು ಬದಲಿಸಿ. ಮಳೆನೀರು ಹಿಡಿದಿಟ್ಟು ಹಾಕಿ. ಕುಂಡದ ತಳದ ತೂತು ಕಟ್ಟದಿರಲಿ, ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬೀಳಲಿ. ಬಾಡಿದ ಗೊಂಚಲನ್ನು ಕತ್ತರಿಸಿದರೆ ಹೊಸ ಚಿಗುರು ಬರುತ್ತದೆ. ಹೂ ಬಿಡುವುದು ಆ ಚಿಗುರಿನ ತುದಿಯಲ್ಲೇ. ಹಳೆಯ ಎಲೆಯ ಚಿಂತೆ ಬಿಡಿ, ಹೊಸದು ಹಸಿರಾಗಿ ಬಂದರೆ ಗಿಡ ಉಳಿಯಿತು.