ಓದಲಾರದ ಅರ್ಜಿಗೆ ಸಹಿ ಬೇಡ

ದಾಂಪತ್ಯ ಮುರಿಯುವುದು ಯಾವ ಮನೆಗೂ ಸಂತಸದ ಸಂಗತಿಯಲ್ಲ. ಮುರಿಯಲೇಬೇಕಾದಾಗ ಬಿಡುಗಡೆಯ ಹಾದಿಯಾದರೂ ನ್ಯಾಯವಾಗಿರಬೇಕು. ಕಾಸರಗೋಡಿನ ಕನ್ನಡ ಹೆಣ್ಣುಮಕ್ಕಳಿಗೆ ಇಲ್ಲಿ ಇನ್ನೊಂದು ತೊಡಕಿದೆ. ಒಪ್ಪಂದದ ಕಾಗದ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದರೆ, ಹಿರಿಯರು ತೋರಿಸಿದ ಕಡೆ ಸಹಿ ಬೀಳುತ್ತದೆ. ಜೀವನಾಂಶ, ಮಕ್ಕಳ ಪಾಲನೆ, ತವರಿನ ಚಿನ್ನ ಎಲ್ಲವೂ ಆ ಒಂದು ಸಹಿಯನ್ನು ಅವಲಂಬಿಸಿವೆ.

ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ಸೇರಿದ 13ಬಿ ಕಲಮಿನಂತೆ, ಒಂದು ವರ್ಷ ಬೇರೆಯಾಗಿ ಬಾಳಿದ ದಂಪತಿಗಳು ಪರಸ್ಪರ ಸಮ್ಮತಿಯಿಂದ ವಿಚ್ಛೇದನ ಕೋರಬಹುದು. ಅರ್ಜಿಯ ಬಳಿಕ ಸಾಮಾನ್ಯವಾಗಿ ಆರು ತಿಂಗಳ ಕಾಲಾವಕಾಶವಿದೆ. ತೀರ್ಪಿನ ಮೊದಲು ಸಮ್ಮತಿಯನ್ನು ಹಿಂತೆಗೆಯಬಹುದೆಂದು ಸುಪ್ರೀಂ ಕೋರ್ಟು 1991ರಲ್ಲಿ ಹೇಳಿದೆ. ಈ ಅವಕಾಶವನ್ನು ತಿಳಿಸಿ ಹೇಳುವವರು ಬೇಕು.

ವಕೀಲರ ಶುಲ್ಕಕ್ಕೆ ಅಂಜಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ, ಆದಾಯ ಎಷ್ಟೇ ಇರಲಿ, ಸ್ತ್ರೀಯರಿಗೆ ಉಚಿತ ನೆರವಿನ ಹಕ್ಕಿದೆ. ಅಲ್ಲಿ ಕನ್ನಡ ಬಲ್ಲ ವಕೀಲರನ್ನೇ ಕೇಳಿರಿ. ಪ್ರತಿ ಪುಟವನ್ನೂ ಕನ್ನಡದಲ್ಲಿ ಓದಿಸಿ, ಅರ್ಥವಾದ ಬಳಿಕವೇ ಸಹಿ ಹಾಕಿರಿ. ಕೇಳಿದವರಿಗೆ ಅಂಥ ವಕೀಲರು ದೊರೆಯುವಂತೆ ಜಿಲ್ಲಾ ಪ್ರಾಧಿಕಾರವೂ, ನಮ್ಮ ಕನ್ನಡ ವಕೀಲ ಬಾಂಧವರೂ ನೋಡಿಕೊಳ್ಳಬೇಕಾಗಿದೆ. ಭಾಷೆ ತಿಳಿಯದ ಕಾರಣಕ್ಕೆ ಯಾವ ತಾಯಿಯೂ ತನ್ನ ಹಕ್ಕನ್ನು ಕಳೆದುಕೊಳ್ಳಬಾರದು.