ತೆನೆ ಹಬ್ಬದಂದು ಬಿಡುವು ಯಾರಿಗೆ?

ಆಟಿಯ ಮಳೆ ಹಿಂದೆ ಸರಿದು ಸೋಣದ ಬಿಸಿಲು ಇಣುಕುವ ಹೊತ್ತಿಗೆ ಕರಾವಳಿಯ ಚರ್ಚುಗಳಲ್ಲಿ ಹೂವಿನ ಬುಟ್ಟಿಗಳು ಕಾಣಿಸಿಕೊಳ್ಳುತ್ತವೆ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಮರಿಯಮ್ಮನಿಗೆ ಹೂ ಅರ್ಪಿಸುತ್ತಾರೆ. ಸೆಪ್ಟೆಂಬರ್ 8ಕ್ಕೆ ಹಬ್ಬ. ಕೊಂಕಣಿಯಲ್ಲಿ ಮೊಂತಿ ಫೆಸ್ತ್, ಕನ್ನಡದಲ್ಲಿ ತೆನೆ ಹಬ್ಬ. ಚಿಕ್ಕವರಿದ್ದಾಗ ನಮ್ಮ ಕಣ್ಣು ಮಾತ್ರ ಪೂಜೆ ಮುಗಿದ ಮೇಲೆ ಸಿಗುವ ಕಬ್ಬಿನ ಮೇಲೆಯೇ ಇರುತ್ತಿತ್ತು, ಸುಳ್ಳೇಕೆ!

ಈಗ ನಾವು ಪತ್ರಿಕೆ, ಚಾನೆಲ್ಲುಗಳ ಡೆಸ್ಕಿನಲ್ಲಿದ್ದೇವೆ. ರಜೆ ಸಿಕ್ಕರೆ ರಾತ್ರಿ ಬಸ್ಸು ಹತ್ತಿ ಊರಿಗೆ ಹೋಗುತ್ತೇವೆ. ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ, ಹೊಸ ಭತ್ತದ ಕಾಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಎಲ್ಲರೂ ಹಂಚಿಕೊಳ್ಳುತ್ತೇವೆ. ಬಾಳೆ ಎಲೆಯಲ್ಲಿ ಅಪ್ಪಟ ಸಸ್ಯಾಹಾರದ ಊಟ, ಪದಾರ್ಥಗಳ ಲೆಕ್ಕ ಐದೋ ಏಳೋ ಒಂಬತ್ತೋ, ಬೆಸವೇ ಆಗಬೇಕು. ಉಂಡು ಚಾಪೆಯ ಮೇಲೆ ಉರುಳಿದರೆ ಅದೇ ವಿಶ್ರಾಂತಿ ಅಂದುಕೊಂಡಿದ್ದೆವು.

ಆದರೆ ಆ ಒಂಬತ್ತು ಪದಾರ್ಥ ಮಾಡಿದವರು ಯಾರು? ನಸುಕಿನ ನಾಲ್ಕಕ್ಕೆ ತೆಂಗಿನಕಾಯಿ ತುರಿಯಲು ಕೂತ ಅಮ್ಮ. ನಾವು ಉರುಳಿದಾಗ ಅವರು ಪಾತ್ರೆ ತೊಳೆಯುತ್ತಿದ್ದರು. ಬೈಬಲ್ಲಿನ ವಿಮೋಚನಕಾಂಡ ಏಳನೆಯ ದಿನದ ಬಿಡುವನ್ನು ಹೇಳುವಾಗ ಮನೆಯ ಯಜಮಾನನಿಗಷ್ಟೇ ಹೇಳುವುದಿಲ್ಲ. ಎತ್ತು, ಕತ್ತೆ, ದಾಸಿಯ ಮಗ, ಪರದೇಶಿ ಇವರೆಲ್ಲ ದಣಿವಾರಿಸಿಕೊಳ್ಳಬೇಕು ಎನ್ನುತ್ತದೆ. ನಮ್ಮ ಪಟ್ಟಿಯಲ್ಲಿ ಅಮ್ಮನೂ ಇರಲಿಲ್ಲ, ತೋಟಕ್ಕೆ ಬರುವ ಹೊರರಾಜ್ಯದ ಕೂಲಿಯವರೂ ಇರಲಿಲ್ಲ.

ಇನ್ನೊಂದು ಮಾತು ಗದ್ದೆಯದ್ದು. ಯಾಜಕಕಾಂಡ ಏಳನೆಯ ವರ್ಷ ಭೂಮಿಗೂ ಬಿಡುವು ಕೊಡಿ ಎನ್ನುತ್ತದೆ. ಆ ವರ್ಷ ತಾನಾಗಿ ಬೆಳೆದದ್ದು ಬಡವರಿಗೂ ಪ್ರಾಣಿಗಳಿಗೂ ಸಲ್ಲಬೇಕು. ನಮ್ಮೂರ ಗದ್ದೆಗಳೂ ಸುಮ್ಮನೆ ಮಲಗಿವೆ ನಿಜ, ಆದರೆ ಅದು ಬಿಡುವಲ್ಲ, ಪಾಳು. ಕೆಲವು ಅಡಿಕೆ ತೋಟವಾಗಿವೆ, ಕೆಲವು ಮಣ್ಣು ತುಂಬಿಸಿಕೊಂಡು ಸೈಟಾಗಿವೆ. ಹಬ್ಬಕ್ಕೆ ತೆನೆ ಎಲ್ಲಿಂದ ತರುವುದು ಎಂದು ಪ್ರತಿ ವರ್ಷ ಹುಡುಕಾಟ. ಉತ್ತವನಿಗೆ ಮಾತ್ರ ಬಿಡುವಿನ ಹಕ್ಕಿದೆ, ಬಿಟ್ಟು ಹೋದ ನಮಗೆ ಇಲ್ಲ ಎಂದು ನಮ್ಮಲ್ಲೊಬ್ಬ ವಾದ ಹೂಡಿದ. ಇದು ಸ್ವಲ್ಪ ಅತಿಯಾಯಿತು ಅನ್ನಿಸಿದರೂ ಎದುರುತ್ತರ ಹೊಳೆಯಲಿಲ್ಲ.

ಕಳೆದ ಹಬ್ಬಕ್ಕೆ ನಮ್ಮಲ್ಲಿ ಮೂವರು ಹಿಂದಿನ ದಿನವೇ ಊರು ತಲುಪಿ ಅಡುಗೆ ವಹಿಸಿಕೊಂಡೆವು. ಪದಾರ್ಥ ಐದಕ್ಕೇ ನಿಂತಿತು, ಸಾಂಬಾರಿಗೆ ಉಪ್ಪು ಹೆಚ್ಚಾಯಿತು. ಅಮ್ಮ ಪೂಜೆ ಮುಗಿದ ಮೇಲೂ ಚರ್ಚಿನ ಬೆಂಚಿನಲ್ಲಿ ಅರ್ಧ ಗಂಟೆ ಕೂತಿದ್ದರಂತೆ. ಏನು ಪ್ರಾರ್ಥಿಸಿದಿರಿ ಎಂದು ಕೇಳಿದೆವು. "ಏನೂ ಇಲ್ಲ, ಸುಮ್ಮನೆ ಕೂತೆ" ಎಂದರು.